ಪಕೀರಬ್ಬನ ಮೂರು ಹೊಗೆಕೊಳವೆ

ಟಕ್, ಟಕ್, ಆಮೇಲೆ ಒಂದು ಮಂಕಾದ ದಪ್. ಕತಾರಿನ ಉತ್ತರ ದಂಡೆ ಅಲ್ ಶಮಾಲ್‌ನ ಹಳೆಯ ದೋಣಿಕಟ್ಟೆಯಲ್ಲಿ ಯಾರೋ ಹಲಗೆಗಳ ಸಂದಿಗೆ ಎಣ್ಣೆಹತ್ತಿ ತುಂಬಿ ಕೊಡತಿಯಿಂದ ಬಡಿಯುತ್ತಿದ್ದರು. ಹತ್ತಿ ಒಳಗೆ ಸರಿಯಾಗಿ ಕೂತರೆ ಮಾತ್ರ ಆ ದಪ್ ಬರುತ್ತದೆ. ತಗಡಿನ ಶೆಡ್ಡಿನೊಳಗೆ ಚಹಾ ಕುಡಿಯುತ್ತಿದ್ದ ಪಕೀರಬ್ಬ ಅದನ್ನು ಕೇಳಿಸಿಕೊಂಡ ಮೇಲೆಯೇ ಮುಂದಿನ ಗುಟುಕು ನುಂಗಿದ.

ಮಂಗಳೂರಿನ ಬೆಂಗ್ರೆಯಿಂದ ಹೆಂಚು ಹೇರಿಕೊಂಡು ಹೊರಟ ಹಾಯಿಹಡಗಿನಲ್ಲಿ ಬಡಗಿಯಾಗಿ ಅವನು ಕತಾರಿಗೆ ಬಂದು ಮೂವತ್ತಮೂರು ವರ್ಷವಾಗಿತ್ತು. ಆಗ ಈ ದಂಡೆ ತುಂಬ ಮರದ ವಾಸನೆ. ನಸುಕಿನಲ್ಲಿ ಹತ್ತಾರು ಗರಗಸಗಳು ಒಟ್ಟಿಗೆ ಉಸಿರಾಡುತ್ತಿದ್ದವು. ಈಗ, ತೊಂಬತ್ತನಾಲ್ಕರ ಚಳಿಗಾಲದಲ್ಲಿ, ದೋಣಿಗಳು ಬಹುಪಾಲು ಫೈಬರಿನವು. ಪಕೀರಬ್ಬ ಜನರ ಚಾವಡಿಯಲ್ಲಿಡುವ ಮಾದರಿ ಹಡಗು ಮಾಡಿಕೊಂಡಿದ್ದ.

ಮಗ ಶಾಫಿ ದೋಹಾದ ಅಲ್ ಸದ್ದ್‌ನಲ್ಲಿ ಫ್ಲ್ಯಾಟು ಹಿಡಿದಿದ್ದ. ಪ್ರತಿ ಶುಕ್ರವಾರ ಬಂದು ಅದೇ ಮಾತು.

"ನಿಮ್ಮ ಕಣ್ಣು ಹೋಗಿದೆ ಬಾಪ. ಕೆಲಸ ಸಾಕು. ನಮ್ಮ ಜೊತೆ ಬನ್ನಿ."

"ನಿನ್ನ ಕಿಟಕಿ ತೆರೆದರೆ ಎದುರಿನವನ ಬನಿಯನ್ ಕಾಣುತ್ತದೆ. ಅದನ್ನು ನೋಡಲಿಕ್ಕೆ ಬರುವುದಾ?"

ಕೊನೆಗೆ ಒಂದು ಒಪ್ಪಂದವಾಯಿತು. ಕೈಯಲ್ಲಿರುವ ಕೆಲಸ ಸರಿಯಾಗಿ ಮುಗಿದರೆ ಶೆಡ್ಡು ಉಳಿಯುತ್ತದೆ. ತಪ್ಪಿದರೆ ಖಲಾಸ್, ಗಂಟು ಕಟ್ಟಬೇಕು.

ಆ ಕೆಲಸ ತಂದವನು ಮಾರಿಸ್. ಮಂಗಳೂರಿನವನೇ, ದೋಹಾದ ಕಂಪನಿಯೊಂದರಲ್ಲಿ ಡ್ರಾಫ್ಟ್ಸ್‌ಮನ್. ಅವನ ಮೇಲಧಿಕಾರಿ ಜರ್ಮನ್ ಇಂಜಿನಿಯರನ ತಂದೆ ಹದಿನೆಂಟರ ಹುಡುಗನಾಗಿದ್ದಾಗ ಒಂದು ಯುದ್ಧನೌಕೆಯಲ್ಲಿ ತರಬೇತಿ ಪಡೆದಿದ್ದರಂತೆ. ಹೆಸರು ಶ್ಲೆಸ್ವಿಗ್-ಹೋಲ್‌ಸ್ಟೈನ್. ಮುದುಕರು ಜನವರಿಯಲ್ಲಿ ಬರುತ್ತಾರೆ, ಅವರಿಗೆ ಆ ಹಡಗನ್ನು ತೋರಿಸಬೇಕು. ಮಾರಿಸ್ ಎರಡು ಚಿತ್ರ ಕೊಟ್ಟ. ಒಂದು ಪುಸ್ತಕದಿಂದ ತೆಗೆದದ್ದು, ಸ್ಪಷ್ಟ. ಇನ್ನೊಂದು ಆ ತಂದೆ ಇಟ್ಟುಕೊಂಡಿದ್ದ ಹಡಗಿನ ಹಳೆಯ ಫೋಟೋ, ಮಸುಕು.

"ಇದರ ಕತೆ ಎಂತ?" ಎಂದ ಪಕೀರಬ್ಬ. ಕತೆ ಗೊತ್ತಿಲ್ಲದ ಹಡಗಿಗೆ ಅವನು ಉಳಿ ಹಚ್ಚುವವನಲ್ಲ.

ಮಾರಿಸ್ ಹೇಳಿದ. ಸಾವಿರದ ಒಂಬೈನೂರ ಆರರಲ್ಲಿ ನೀರಿಗಿಳಿದದ್ದು. ಮೊದಲ ಮಹಾಯುದ್ಧದಲ್ಲಿ ಇಂಗ್ಲಿಷರ ಗುಂಡು ತಿಂದು ಬದುಕಿತು. ಮುದಿಯಾದ ಮೇಲೆ ಹುಡುಗರಿಗೆ ಕಲಿಸುವ ಶಾಲೆಯಾಯಿತು. ಮೂವತ್ತೊಂಬತ್ತರಲ್ಲಿ ಪೋಲೆಂಡಿನ ದಂಡೆಯ ಮೇಲೆ ಇದೇ ಹಡಗು ಮೊದಲು ಫಿರಂಗಿ ಹಾರಿಸಿತು, ಎರಡನೆಯ ಯುದ್ಧ ಶುರುವಾಯಿತು. ಕೊನೆಗೆ ಬಾಂಬು ಬಿದ್ದು ಬಂದರಿನಲ್ಲೇ ಕುಳಿತುಬಿಟ್ಟಿತು. ರಷ್ಯನ್ನರು ಎತ್ತಿಸಿ, ಆಳವಿಲ್ಲದ ಕಡಲಿಗೆ ಒಯ್ದು, ಗುರಿ ಕಲಿಯಲು ಅದಕ್ಕೇ ಗುಂಡು ಹೊಡೆದರು.

ಪಕೀರಬ್ಬ ಮಸುಕು ಫೋಟೋವನ್ನು ಕೈಗೆತ್ತಿಕೊಂಡ. "ಪ್ರಾಯ ಸಂದ ಹಡಗಿಗೆ ಹಾಗೆ ಮಾಡುವುದಾ?"

"ಅದು ಕಬ್ಬಿಣ ಪಕೀರಬ್ಬಣ್ಣ, ನೋವಾಗುವುದಿಲ್ಲ."

"ಹೊಡೆದವನಿಗೂ ಆಗಲಿಲ್ಲವಾ?"

ಮೂರು ತಿಂಗಳು ತೇಗದ ಪುಡಿಯಲ್ಲೇ ಕಳೆದವು. ಮುದುಕರು ಬರಲು ವಾರವಿರುವಾಗ ಇಂಜಿನಿಯರ್ ನೋಡಲು ಬಂದ. ಜೊತೆಗೆ ಮಾರಿಸ್. ಶುಕ್ರವಾರವಾದ್ದರಿಂದ ಶಾಫಿಯೂ ಇದ್ದ. ಇಂಜಿನಿಯರ್ ಹಡಗಿನ ಸುತ್ತ ಒಂದು ಸುತ್ತು ಬಂದು ಬೆರಳಿನಲ್ಲಿ ಎಣಿಸಿದ. ಮುಖ ಇಳಿಯಿತು.

"ಅವರ ತಂದೆಯ ಹಡಗಿಗೆ ಹೊಗೆಕೊಳವೆ ಎರಡೇ ಅಂತೆ. ನೀವು ಮೂರು ಇಟ್ಟಿದ್ದೀರಿ," ಎಂದ ಮಾರಿಸ್.

"ನೋಡಿ!" ಶಾಫಿ ಕೈ ಚೆಲ್ಲಿದ. "ಎರಡು ಕೊಳವೆ ಮೂರಾಗಿ ಕಾಣುವ ಕಣ್ಣು ಇವರದು. ಯಲ್ಲಾ, ನಡೆಯಿರಿ ಬಾಪ, ಗಂಟು ಕಟ್ಟಿ."

ಪಕೀರಬ್ಬ ಎರಡೂ ಚಿತ್ರವನ್ನು ಹಲಗೆಯ ಮೇಲಿಟ್ಟ. "ಪುಸ್ತಕದ್ದರಲ್ಲಿ ಮೂರು. ಇವರ ಫೋಟೋದಲ್ಲಿ ಎರಡು, ಮುಂದಿನದು ದಪ್ಪ. ನನಗೆ ಮೊದಲ ದಿನವೇ ಕಂಡಿದೆ. ಮುಂದಿನೆರಡನ್ನು ಆಮೇಲೆ ಕೂಡಿಸಿದ್ದಾರೆ."

"ಕಂಡರೆ ಮೂರು ಯಾಕಿಟ್ಟಿರಿ?" ಎಂದ ಮಾರಿಸ್.

"ಬಡಗಿ ಮಾದರಿ ಮಾಡುವುದು ನೀರಿಗಿಳಿದ ದಿನದ್ದು. ಆಮೇಲಿನ ರಿಪೇರಿ ಯಜಮಾನನ ಇಷ್ಟ, ಅದನ್ನು ನಾವು ಕೆತ್ತುವುದಿಲ್ಲ. ನನ್ನ ಉಸ್ತಾದ್ ಹಾಗೇ ಕಲಿಸಿದ್ದು."

ಯಾವ ಕಾಲದ ಹಡಗು ಬೇಕೆಂದು ಕೇಳಬೇಕಿತ್ತು, ಕೇಳಲಿಲ್ಲ. ಆ ತಪ್ಪು ತನ್ನದೇ ಎಂದು ಪಕೀರಬ್ಬನಿಗೆ ಗೊತ್ತಿತ್ತು. ಹೊಸ ಕೊಳವೆ ಮಾಡಿಬಿಡಿ ಎಂದ ಮಾರಿಸ್. ಪಕೀರಬ್ಬ ಬೇಡವೆಂದು ತಲೆಯಾಡಿಸಿದ. ಜರ್ಮನಿಯ ಹಡಗುಕಟ್ಟೆಯವರು ಹೇಗೆ ಮಾಡಿದ್ದರೋ ಹಾಗೆಯೇ ಮಾಡಬೇಕು. ಆರು ದಿನ ಹಿಡಿಯಿತು. ಮೊದಲ ಕೊಳವೆ ಕಿತ್ತು, ಅದರದೇ ಮರವನ್ನು ಆವಿಯಲ್ಲಿ ಬಾಗಿಸಿ ಎರಡನೆಯದಕ್ಕೆ ಕೂಡಿಸಿದ. ಮೊದಲಿನದರ ಬುಡವಿದ್ದ ಜಾಗಕ್ಕೆ ಒಂದು ತೇಪೆ ಹಾಕಿದ. ಅದನ್ನು ಬಣ್ಣದಡಿ ಮುಚ್ಚಲಿಲ್ಲ.

ಮುದುಕರು ಕೋಲೂರಿಕೊಂಡು ಶೆಡ್ಡಿಗೇ ಬಂದರು. ಹಡಗಿನ ಮುಂದೆ ಕೂತವರ ಬೆರಳು ದಪ್ಪ ಕೊಳವೆಯಿಂದ ಮೆಲ್ಲನೆ ಜಾರಿ ತೇಪೆಯ ಮೇಲೆ ನಿಂತಿತು. ಏನೋ ಹೇಳಿದರು. ಮಾರಿಸ್ ತಿಳಿಸಿದ: "ಇಲ್ಲಿ ಇನ್ನೊಂದಿತ್ತು, ತಮ್ಮ ಕಾಲಕ್ಕೆ ಮೊದಲೇ ತೆಗೆದಿದ್ದರು ಅಂತೆ. ಅದು ನಿಮಗೆ ಹೇಗೆ ಗೊತ್ತು ಅಂತ ಕೇಳುತ್ತಿದ್ದಾರೆ."

ಪಕೀರಬ್ಬ ತನ್ನ ಕಣ್ಣಿನತ್ತ ಬೆರಳು ತೋರಿಸಿ ಮಗನ ಕಡೆ ನೋಡಿದ.

ಕಾರು ಹೊರಟ ಮೇಲೆ ಶಾಫಿ ಬಾಗಿಲಲ್ಲೇ ನಿಂತಿದ್ದ. "ಆಯ್ತು, ಇಲ್ಲೇ ಇರಿ," ಎಂದ. "ಆದರೆ ಗುರುವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗುವ. ಅಷ್ಟಾದರೂ ಕೇಳಿ."

"ಬರುತ್ತೇನೆ ಮಾರಾಯ, ಬರುವುದಿಲ್ಲ ಅಂದೆನಾ?" ಪಕೀರಬ್ಬ ಆಗಲೇ ಉಳಿ ಸೊಂಟಕ್ಕೆ ಸಿಕ್ಕಿಸಿಕೊಂಡು ದಂಡೆಯ ಕಡೆ ಇಳಿಯುತ್ತಿದ್ದ. "ಗುರುವಾರ ಮಾತ್ರ ಬೇಡ, ಗುರುವಾರ ಆ ಮೀನು ದೋಣಿಯವರು ಚುಕ್ಕಾಣಿ ತರುತ್ತೇವೆ ಅಂದಿದ್ದಾರೆ, ಅದನ್ನು ಬಿಚ್ಚಿ ನೋಡದೆ ನಾನು ಬರುವುದು ಹೇಗೆ?"