ಭೈರವನ ನಾಯಿಯೂ ಶ್ರೀರಂಗಪಟ್ಟಣದ ಬಸ್ಸೂ

ನಾಯಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅದೇ ಹೆಸರಿನ ಗಂಡಸರು ನಮ್ಮೂರಿನಲ್ಲಿ ನಾಲ್ಕಾರು ಜನ ಇದ್ದರು, ಅವರ ಮಕ್ಕಳು ಮೊಮ್ಮಕ್ಕಳು ಈಗಲೂ ಇದ್ದಾರೆ, ನನಗೇಕೆ ಇಲ್ಲದ ಜಗಳ! ಕಪ್ಪು ನಾಯಿ ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಕಂಡವನಲ್ಲ. ಚಿಕ್ಕಂದಿನಲ್ಲೇ ಸಿಡುಬು ಬಂದು ನನ್ನ ಎರಡು ಕಣ್ಣೂ ಹೋಗಿದ್ದವು.

ನಮ್ಮೂರು ಶೀಳನೆರೆ ಮಗ್ಗುಲಿನ ಸಣ್ಣ ಹಳ್ಳಿ. ಅಪ್ಪ ಬೇಗ ತೀರಿಕೊಂಡ. ನಾನು, ಅವ್ವ, ಒಂದಿಷ್ಟು ಹೊಲ. ಮೈಸೂರಿನಲ್ಲಿ ಕಣ್ಣಿಲ್ಲದವರ ಶಾಲೆಯಲ್ಲಿದ್ದು ಕುರ್ಚಿಗೆ ಬೆತ್ತ ಹೆಣೆಯುವುದನ್ನು ಕಲಿತು ಊರಿಗೆ ಬಂದೆ. ಊರಿನಲ್ಲಿ ಕುರ್ಚಿ ಇದ್ದದ್ದು ಪಟೇಲರ ಮನೆಯಲ್ಲಿ ಮಾತ್ರ. ಅದೂ ಹಲಗೆಯ ಕುರ್ಚಿ. ಅರವತ್ತರ ದಶಕದ ಮಾತು ಇದು.

ಕೊನೆಗೆ ಸೋದರಮಾವ ನನ್ನನ್ನು ಶ್ರೀರಂಗಪಟ್ಟಣದ ಒಂದು ಸರ್ಕಾರಿ ಕಚೇರಿಗೆ ಕರೆದುಕೊಂಡು ಹೋದ. ಅಲ್ಲಿನ ಸಾಹೇಬರು ನನ್ನ ಕೈ ಮುಟ್ಟಿ ನೋಡಿ, ಕೆಲಸವೇನೋ ಇದೆ ಅಂದರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲೂಕಿನ ಕಚೇರಿಗಳಲ್ಲೂ ಕುರ್ಚಿಗಳ ಬೆನ್ನು, ಸೀಟು ಎಲ್ಲ ಹರಿದು ಜೋತುಬಿದ್ದಿದ್ದವಂತೆ. ಒಂದು ಕಡೆ ಮುಗಿಸಿ ಇನ್ನೊಂದು ಕಡೆಗೆ ಹೋಗುತ್ತಿರಬೇಕು. "ಆದರೆ ಒಂದು ಮಾತು. ನಿನ್ನ ಕೈ ಹಿಡಿದುಕೊಂಡು ಇನ್ನೊಬ್ಬ ತಿರುಗುವುದಾದರೆ ನನಗೆ ಬೇಡ. ಒಬ್ಬನ ಕೆಲಸಕ್ಕೆ ಇಬ್ಬರನ್ನು ಎಲ್ಲಿ ಕೂರಿಸಲಿ? ಬರುವ ಸೋಮವಾರದ ಮುಂದಿನ ಸೋಮವಾರ ಒಬ್ಬನೇ ಬಾ. ಬಂದರೆ ಕೆಲಸ ನಿನ್ನದು. ಬರದಿದ್ದರೆ ಬೇರೆಯವನಿಗೆ ಕೊಡುತ್ತೇನೆ," ಎಂದರು.

ಅದುವರೆಗೆ ನಾನು ಒಬ್ಬನೇ ಊರಿನ ಕೆರೆಯ ಏರಿಯನ್ನೂ ದಾಟಿದವನಲ್ಲ. ಎಲ್ಲಿಗೆ ಹೋದರೂ ಕೋಲಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಅವ್ವನ ಕೈಯಲ್ಲಿ. ಅವಳಿಗೋ ಮಂಡಿನೋವು. ಅವತ್ತು ರಾತ್ರಿ ಮುದ್ದೆ ಮುರಿಯುತ್ತಾ ಅಂದಳು: "ನಾನಿರೋಗಂಟ ನಾನಿವ್ನಿ ಮಗ. ನಾನ್ ಸತ್ಮ್ಯಾಕೆ ನೀನು ಯಾರ್ ಬಾಗ್ಲಲ್ಲೂ ನಿಂತು ಕೈ ಒಡ್ಬಾರ್ದು ಕಣ್ಲಾ. ಅಷ್ಟೇ ನಂಗೆ ಬೇಕಿರೋದು."

ಆಗ ನನಗೆ ನೆನಪಾದದ್ದು ಶಾಲೆಯ ಮೇಷ್ಟ್ರು ಹೇಳಿದ ಒಂದು ಸುದ್ದಿ. ಪರದೇಶದಲ್ಲಿ ಯುದ್ಧಕ್ಕೆ ಹೋಗಿ ಕಣ್ಣು ಕಳೆದುಕೊಂಡ ಸಿಪಾಯಿಗಳನ್ನು ನಾಯಿಗಳು ಬೀದಿಯಲ್ಲಿ ನಡೆಸಿಕೊಂಡು ಹೋಗುತ್ತವಂತೆ, ರೈಲು ಬಸ್ಸು ಹತ್ತಿಸುತ್ತವಂತೆ. ಅವಕ್ಕೆ ಹೇಗೆ ಕಲಿಸುತ್ತಾರೆ ಎಂದು ನಾನು ಕೇಳಿದ್ದಕ್ಕೆ, "ಅದೆಲ್ಲ ನನಗೇನು ಗೊತ್ತಪ್ಪ," ಅಂದಿದ್ದರು. ಇರಲಿ, ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಎಂದುಕೊಂಡು ಕುರಿ ಕಾಯುವವರ ಹಟ್ಟಿಯಿಂದ ಒಂದು ನಾಯಿ ತರಿಸಿದೆ. ಕುರಿಮಂದೆಯನ್ನು ಹಳ್ಳಕ್ಕೆ ಬೀಳದಂತೆ ನೋಡಿಕೊಂಡ ನಾಯಿ, ನನ್ನೊಬ್ಬನನ್ನು ನೋಡಿಕೊಳ್ಳಲಾರದೇ?

ಕಲಿಸಿದವಳು ಅವ್ವ. ಹೇಗೆ ಕಲಿಸಬೇಕೆಂದು ಅವಳಿಗೂ ಗೊತ್ತಿಲ್ಲ. ಅವಳು ಮುಂದೆ, ಅವಳ ಹಿಂದೆ ಹಗ್ಗ ಕಟ್ಟಿದ ನಾಯಿ, ಹಗ್ಗ ಹಿಡಿದು ನಾನು. ದಿನಾ ಬೆಳಿಗ್ಗೆ ಮನೆಯಿಂದ ಬಸ್ಸು ನಿಲ್ಲುವ ಅರಳಿಮರದ ತನಕ ಮೆರವಣಿಗೆ. ನಾಯಿ ಕಲಿಯಿತು, ಕಲಿಯಲಿಲ್ಲ ಅನ್ನಲಾರೆ. ಆದರೆ ಅದು ಕಲಿತದ್ದು ದಾರಿಯನ್ನಲ್ಲ, ಅವ್ವನನ್ನು. ಅವ್ವ ಎಲೆ ಅಡಿಕೆ ಬೇಡಲು ನಿಲ್ಲುವ ಜಗುಲಿಯ ಮುಂದೆ ತಾನೂ ನಿಲ್ಲುತ್ತಿತ್ತು. ಮಾರಿಗುಡಿಯ ಮುಂದೆ ನಿಂತು, ಒಂದು ಸುತ್ತು ಹಾಕಿಸಿ, ಆಮೇಲೆ ಮುಂದಕ್ಕೆ. ನಾನು ಹಗ್ಗ ಜಗ್ಗಿದರೆ ಅದು ಕುಳಿತುಬಿಡುತ್ತಿತ್ತು. ನಾಯಿ ನನ್ನನ್ನು ನಡೆಸುತ್ತಿದೆಯೋ ನಾನು ನಾಯಿಯನ್ನೋ ನಮ್ಮಿಬ್ಬರಿಗೂ ತಿಳಿಯದೆ ಹೋಯಿತು. ಅಷ್ಟರಲ್ಲಿ ಆ ಸೋಮವಾರ ಬಂದೇಬಿಟ್ಟಿತು.

ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಬಗಲಿನ ಚೀಲದಲ್ಲಿ ಬೆತ್ತದ ಸುರುಳಿ ಮತ್ತು ದಬ್ಬಳ. ಅವ್ವ ಅರಳಿಮರದ ತನಕ ಬಂದು, "ಉಸಾರು ಮಗ," ಎಂದಷ್ಟೇ ಹೇಳಿ ನಿಂತಳು. ನಮ್ಮೂರ ಬಸ್ಸಿನವನು ಪರಿಚಯದವನು, ನಾಯಿಯನ್ನು ಕಾಲ ಕೆಳಗೆ ಹಾಕಿಕೊ ಅಂದ. ಕೆ.ಆರ್. ಪೇಟೆಯವರೆಗೆ ಏನೂ ತೊಂದರೆಯಾಗಲಿಲ್ಲ. ಅಲ್ಲಿ ಇಳಿದು ಶ್ರೀರಂಗಪಟ್ಟಣದ ಬಸ್ಸು ಹತ್ತಬೇಕು.

ಆ ಬಸ್ ಸ್ಟ್ಯಾಂಡಿನಲ್ಲಿ ಅವತ್ತು ಅದೆಷ್ಟು ಜನವೋ! ನಾಲ್ಕು ಕಡೆಯಿಂದ ಇಂಜಿನ್ನು, ನಾಲ್ಕು ಕಡೆಯಿಂದ ಕೂಗು. ನಾಯಿ ಮುಂದಕ್ಕೆ ಹೋಗುವುದು ಬಿಟ್ಟು ಹಿಂದಕ್ಕೇ ಎಳೆಯುತ್ತದೆ, ಕುಂಯ್‌ಗುಡುತ್ತದೆ. "ನಡಿಯಲೇ ಮುಂಡೇದೆ," ಎಂದು ಬೈದು, ಶ್ರೀರಂಗಪಟ್ಟಣ ಎಂಬ ಕೂಗು ಬಂದ ಕಡೆಗೆ ನಾನೇ ಅದನ್ನು ಎಳೆದುಕೊಂಡು ಹೋದೆ. ಬಾಗಿಲ ಕಂಬಿಗೆ ಕೈ ಸಿಕ್ಕಿತು.

"ಏಯ್, ನಾಯಿ ಎಲ್ಲಿಗ್ಲಾ?" ಎಂದ ಕಂಡಕ್ಟರು.

"ನಂಗೆ ಕಣ್ಣಿಲ್ಲ ಕಣಣ್ಣ. ದಾರಿ ತೋರ್ಸೋಕೆ ಇದು."

"ದಾರಿ ನಮ್ ಡ್ರೈವರ್‌ಗೆ ಗೊತ್ತದೆ, ನಾಯಿ ತೋರ್ಸೋದು ಬ್ಯಾಡ. ನೀನತ್ತು, ಅದ ಬುಡು."

ಸರ್ಕಾರಿ ಸಾಹೇಬರೇ ಕರೆದಿದ್ದಾರೆ ಎಂದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಅವನು "ರೈಟ್" ಅಂದ. ಕಂಬಿ ನನ್ನ ಕೈಯಿಂದ ಜಾರಿತು. ಸಿಟ್ಟಿಗೆ, ಅವಮಾನಕ್ಕೆ ನನಗೆ ಅಳು ಬಂತು. ಇಷ್ಟು ವಯಸ್ಸಾದ ಮೇಲೆ ಹೇಳಲು ನಾಚಿಕೆಯೇನು, ಬಂತು.

ಹಾಗೆ ನಿಂತಿದ್ದಾಗ ಒಬ್ಬ ಮುದುಕಿ ಬಂದು ನನ್ನ ಕಾಲು ಮುಟ್ಟಿದಳು. ನಾನು ಬೆಚ್ಚಿ ಹಿಂದೆ ಸರಿದೆ. "ಬನ್ನಿ ಬುದ್ಧಿ, ನಮ್ ಬಸ್ಸಲ್ಲಿ ಬನ್ನಿ. ಅವ್ನು ಪಾಪಿ, ಅವ್ನಿಗೇನ್ ಗೊತ್ತು," ಎಂದು ಮೊಳಕೈ ಹಿಡಿದು ನಡೆಸಿದಳು. ಇನ್ನೊಂದು ಶ್ರೀರಂಗಪಟ್ಟಣದ ಬಸ್ಸು ಇರಬೇಕು ಎಂದುಕೊಂಡೆ. ಜನ ಬಡಬಡನೆ ಜಾಗ ಬಿಟ್ಟರು. ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಕಂಡಕ್ಟರು ನಾಯಿ ಯಾಕೆ ಎನ್ನಲಿಲ್ಲ, ನನಗೆ ಟಿಕೆಟ್ಟೂ ಹರಿಯಲಿಲ್ಲ. ಯಾರೋ ನಾಯಿಗೆ ಬಾಳೆಹಣ್ಣು ತಿನ್ನಿಸಿದರು. ಯಾರೋ ಅದಕ್ಕೆ ಕೈ ಮುಗಿದದ್ದೂ ಬಳೆಯ ಸದ್ದಿನಿಂದ ತಿಳಿಯಿತು. ನಾಯಿಗೆ ಕೈ ಮುಗಿಯುವುದು ಯಾವ ಊರಿನ ಪದ್ಧತಿ? ಸಾಹೇಬರೇನಾದರೂ ಹೇಳಿ ಕಳಿಸಿದ್ದಾರೆಯೇ?

ಬಸ್ಸು ಹೊರಟು ಊರು ದಾಟಿದ ಮೇಲೆ ಇನ್ನೊಂದು ಗೊಂದಲ. ಶ್ರೀರಂಗಪಟ್ಟಣಕ್ಕೆ ಹೋಗುವಾಗ ಬೆಳಗಿನ ಬಿಸಿಲು ಎಡಗೆನ್ನೆಗೆ ಬೀಳಬೇಕು. ಮಾವನ ಜೊತೆ ಹೋದಾಗ ಹಾಗೇ ಬಿದ್ದಿತ್ತು. ಇವತ್ತು ಮೂಗಿನ ನೇರಕ್ಕೆ ಬೀಳುತ್ತಿದೆ. ಸೂರ್ಯನೇ ದಾರಿ ತಪ್ಪಿದನೇ? ತಂಪು ಗಾಳಿ, ಗದ್ದೆಯ ವಾಸನೆ ಯಾವುದೂ ಇಲ್ಲ, ಒಣ ಧೂಳು. ಕೇಳಿದರೆ ಎಲ್ಲಿ ಇಳಿಸಿಬಿಡುತ್ತಾರೋ ಎಂದು ಸುಮ್ಮನೆ ಕೂತೆ. ಬಹಳ ಹೊತ್ತು ಕೂತೆ.

ಮುದುಕಿ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು: "ಬುದ್ಧಿ, ನಮ್ ಸೊಸೆಗೆ ಮದ್ವೆಯಾಗಿ ವರ್ಸ ಆಯ್ತಾ ಬಂತು. ಒಡ್ಲು ತುಂಬ್ಲಿಲ್ಲ. ಬೆಟ್ಟ ಅತ್ತೋಕ್ ಮುಂಚೆ ನೀವೊಂದ್ ಮಾತೇಳಿ."

"ಯಾವ ಬೆಟ್ಟ?"

"ಭೈರವ್ನ ಬೆಟ್ಟ! ಇವತ್ತು ಅಮಾಸೆ ಅಲ್ವರಾ?"

ನಾಗಮಂಗಲದ ಆಚೆ ಭೈರವನ ಬೆಟ್ಟವಿದೆ. ಅಮಾವಾಸ್ಯೆಗೆ ಸುತ್ತಿನ ಜನವೆಲ್ಲ ಅಲ್ಲಿಗೆ ನುಗ್ಗುತ್ತಾರೆ. ಭೈರವನಿಗೆ ನಾಯಿಯೇ ವಾಹನ, ಅದರಲ್ಲೂ ಕಪ್ಪು ನಾಯಿ. ಕಂಬಳಿ, ಕೋಲು, ಜೋಳಿಗೆಯಂಥ ಚೀಲ, ಮುಚ್ಚಿದ ಕಣ್ಣು. ಇವರು ನನ್ನನ್ನು ಬೆಟ್ಟದ ಜೋಗಿ ಎಂದುಕೊಂಡಿದ್ದಾರೆ! ನಾನು ಹೋಗುತ್ತಿರುವುದು ನಾಗಮಂಗಲಕ್ಕೆ!

"ಅಯ್ಯೋ ಅವ್ವ, ನಾನು ಜೋಗಿ ಅಲ್ಲ. ಕುರ್ಚಿ ಎಣೆಯೋನು. ಶ್ರೀರಂಗಪಟ್ಟಣಕ್ಕೋಗ್ಬೇಕು," ಎಂದು ಕೂಗಿದೆ.

ಮುದುಕಿ, "ನಿನ್ ಮನೆ ಕಾಯೋಗ! ಮುಂಚೇನೇ ಏಳೋಕೇನಾಗಿತ್ಲಾ? ನನ್ ಕೈಲಿ ಕಾಲು ಮುಟ್ಟುಸ್ಕೊಂಡೆಯಲ್ಲೋ," ಅಂದಳು. ಹಿಂದಿನ ಸೀಟಿನಿಂದ ನಗು ಶುರುವಾಗಿ ಮುಂದಿನವರೆಗೂ ಬಂತು. ಕಂಡಕ್ಟರು ನಾಯಿಯನ್ನು ಅಲ್ಲೇ ಇಳಿಸಲು ಎದ್ದ. ಅವನನ್ನು ತಡೆದವಳೂ ಆ ಮುದುಕಿಯೇ. "ದ್ಯಾವ್ರೂಂತ ಅತ್ತುಸ್ಕೊಂಡ್ ಮ್ಯಾಕೆ ದಾರೀಲಿ ಇಳುಸ್ಬಾರ್ದು. ನಾಗಮಂಗ್ಲಗಂಟ ಇರ್ಲಿ." ನಾಗಮಂಗಲದಲ್ಲಿ ಇಳಿದಾಗ ಅವಳು ನನ್ನ ಚೀಲಕ್ಕೆ ಇನ್ನೆರಡು ಬಾಳೆಹಣ್ಣು ಹಾಕಿದಳು. ಆ ಸೊಸೆಗೆ ಮಗುವಾಯಿತೋ ಇಲ್ಲವೋ, ಆಗಿರಲಿ.

ನಾಗಮಂಗಲದಿಂದ ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ ಬಸ್ಸಿತ್ತು. ಅದರ ಕಂಡಕ್ಟರು ನಾಯಿಯನ್ನು ಕಂಡು ದನಿ ತಗ್ಗಿಸಿ ಕೇಳಿದ: "ಭೈರವ್ನ ಬೆಟ್ಟದ್ದಾ?"

ಒಂದು "ಹೂಂ" ಅಂದಿದ್ದರೆ ಮುಂದಿನ ಸೀಟು ನನ್ನದು. ನಾಲಿಗೆಯ ತುದಿಗೆ ಬಂದಿತ್ತು. ಹೊತ್ತು ಏರಿದೆ, ಕಚೇರಿ ಮುಚ್ಚಿದರೆ ಕೆಲಸ ಹೋಯಿತು. ಆದರೆ ಕೈ ಒಡ್ಡಬೇಡ ಅಂದಿದ್ದಳು ಅವ್ವ, ಜೋಗಿಯೆಂದು ಸುಳ್ಳು ಹೇಳಿ ತುಂಬಿಸಿಕೊಂಡರೂ ಅದು ಬೇಡಿದಂತೆಯೇ ತಾನೆ? "ಅಲ್ಲಣ್ಣ, ಇದು ನಂದು," ಅಂದೆ.

"ಅಂಗಾರೆ ಟಾಪ್ ಮ್ಯಾಲಾಕು. ಆಡು ಕೋಳಿ ಎಲ್ಲ ಅಲ್ಲೇ ಇರೋದು."

"ನಾಯಿ ಅಲ್ಲಿದ್ರೆ ನಾನೂ ಅಲ್ಲೇ."

"ಬಿದ್ ಸತ್ರೆ?"

"ಸತ್ರೆ ನಿನ್ ಕೇಳ್ತೀನಾ?" ಅಂದೆ. ಅವನು ನಕ್ಕುಬಿಟ್ಟ.

ನಾಯಿಯನ್ನು ಕಂಬಳಿಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು ಬಸ್ಸಿನ ಹಿಂದಿನ ಏಣಿ ಹತ್ತಿದೆ. ಮೇಲೆ ಆಡುಗಳ ನಡುವೆ ಒಬ್ಬ ಆಡಿನ ವ್ಯಾಪಾರಿ ಕೂತಿದ್ದ, ಮರದ ಕೊಂಬೆ ಬಂದಾಗಲೆಲ್ಲ "ತಲೆ!" ಎಂದು ಕೂಗುತ್ತಿದ್ದ. ನಾನು ಆಡಿನ ಜೊತೆಗೇ ತಲೆ ಬಗ್ಗಿಸುತ್ತಿದ್ದೆ. ನಾಯಿ ಗಡಗಡ ನಡುಗುತ್ತಾ ನನ್ನ ಕಂಕುಳಲ್ಲಿ ಮೂಗು ಹುದುಗಿಸಿತ್ತು. ಪಾಂಡವಪುರ ಹತ್ತಿರವಾದಾಗ ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ ಬಂತು ನೋಡಿ, ಅವತ್ತು ಮೊದಲ ಸಲ ನಾನು ಎಲ್ಲಿದ್ದೇನೆಂದು ನನಗೆ ಖಾತರಿಯಾಯಿತು. ಕುಣಿಯುವಷ್ಟು ಸಂತೋಷವಾಯಿತು. ಟಾಪಿನ ಮೇಲೆ ಕುಣಿಯಲಾಗದು, ಅಷ್ಟೇ.

ಶ್ರೀರಂಗಪಟ್ಟಣದಲ್ಲಿ ನಾಯಿಗೆ ಊರೂ ಹೊಸದು, ಭಯವೂ ಹೋಗಿರಲಿಲ್ಲ. ನನ್ನ ಕಾಲ ಹಿಂದೆ ಅವಿತುಕೊಂಡಿತು. ದಾರಿ ಕೇಳಿದರೆ ಜನ, "ಇಂಗೋಗಿ ಅಂಗ್ ತಿರುಕ್ಕೊ," ಎಂದು ಕುರುಡನಿಗೆ ಕೈ ತೋರಿಸುತ್ತಾರೆ. ಎರಡು ಸಲ ಒಂದೇ ಹೋಟೆಲಿನ ಮುಂದೆ ಬಂದು ನಿಂತೆ. ಅಂತೂ ನಾಯಿಯನ್ನು ಎಳೆದುಕೊಂಡು ಕಚೇರಿಯ ಮೆಟ್ಟಿಲು ಹತ್ತಿದಾಗ ಒಳಗೆ ಇನ್ನೂ ಟೈಪು ಯಂತ್ರದ ಸದ್ದು ಕೇಳುತ್ತಿತ್ತು.

ಹೊರಗಿನ ಜಗುಲಿಯ ಮೇಲೆ ಪಹಣಿಗೆ, ಖಾತೆಗೆ ಎಂದು ಬಂದ ರೈತರು ದಿನವಿಡೀ ಕೂತಿರುವುದು ವಾಡಿಕೆ. ಅಲ್ಲಿಯತನಕ ಹೆಣದಂತೆ ಬರುತ್ತಿದ್ದ ನಾಯಿ ಒಮ್ಮೆಲೇ ಹಗ್ಗ ಕಿತ್ತುಕೊಂಡು ಆ ಕಡೆಗೆ ಹಾರಿತು. ಯಾರ ಮೇಲೋ ಬಿದ್ದು ಕುಂಯ್‌ಗುಟ್ಟತೊಡಗಿತು. "ಬುಡು, ಬುಡು," ಎಂದು ಪಿಸುಗುಟ್ಟಿದ ದನಿ ಅವ್ವನದು.

ಆಮೇಲೆ ತಿಳಿದ ಸಂಗತಿ ಇಷ್ಟು. ಮಗನನ್ನು ಒಂಟಿಯಾಗಿ ಕಳಿಸಲು ಮನಸ್ಸು ಬಾರದೆ ಅವಳು ನಮ್ಮೂರಿನ ಬಸ್ಸಿಗೇ ಹಿಂದಿನಿಂದ ಹತ್ತಿದ್ದಳು. ಕೆ.ಆರ್. ಪೇಟೆಯಲ್ಲಿ ನಾಯಿ ಎಳೆಯುತ್ತಿದ್ದದ್ದು ಅವಳ ಕಡೆಗೇ. ಗದ್ದಲದಲ್ಲಿ ನನ್ನನ್ನು ಕಳೆದುಕೊಂಡು, ಮುಂದೆ ಹೋಗಿರಬೇಕೆಂದು ಶ್ರೀರಂಗಪಟ್ಟಣದ ಬಸ್ಸು ಹತ್ತಿ ಬಂದಿದ್ದಳು. ಬೆಳಗಿನಿಂದ ಆ ಜಗುಲಿಯ ಮೇಲೆ ಬಾಯಿ ಬಿಡದೆ ಕೂತಿದ್ದಳು. ಮಗ ಬಂದನೇ ಎಂದು ಕೇಳಿದರೆ ಅವನ ಕೆಲಸ ಕೆಡುತ್ತದೆಂದು ಯಾರನ್ನೂ ಕೇಳಿರಲಿಲ್ಲ.

ಗಲಾಟೆಗೆ ಸಾಹೇಬರೇ ಹೊರಗೆ ಬಂದರು. "ಇಷ್ಟು ಹೊತ್ತಿಗೆ ಬರುವುದೇ? ಇರಲಿ. ನಾನು ಹೇಳಿದ್ದೇನು, ನೀನು ಮಾಡಿದ್ದೇನು? ಒಬ್ಬನೇ ಬಾ ಅಂದೆ. ಯಾರು ಈ ಹೆಂಗಸು? ನಾಯಿ ನೋಡಿದರೆ ಇವಳ ತೊಡೆ ಬಿಟ್ಟು ಏಳುತ್ತಿಲ್ಲ."

ಒಬ್ಬನೇ ಬಂದಿದ್ದೇನೆ, ನಾಗಮಂಗಲ ಸುತ್ತಿ, ಆಡುಗಳ ಜೊತೆ ಟಾಪಿನ ಮೇಲೆ ಬಂದಿದ್ದೇನೆ ಎಂದರೆ ಯಾರು ನಂಬುತ್ತಾರೆ?

"ಏನಮ್ಮ, ಇವನು ನಿನ್ನ ಮಗನೇನು?"

"ಇಲ್ಲ ಬುದ್ಧಿ," ಎಂದಳು ಅವ್ವ. "ಇವ್ನು ಯಾರೋ ನಂಗೊತ್ತಿಲ್ಲ. ನಾನು ಪಹಣಿಗ್ ಬಂದೋಳು. ನಾಯ್ಗೇನು, ಯಾರ್ನ ಕಂಡ್ರೂ ಬೀಳ್ತದೆ."

"ಮಗನನ್ನು ಇಲ್ಲಿಗೆ ಬಿಟ್ಟುಹೋಗಲು ಬಂದಿಲ್ಲ ತಾನೆ?"

"ನಂಗೆ ಮಕ್ಳೇ ಇಲ್ಲ ಬುದ್ಧಿ."

ಸಾಹೇಬರು, "ಸರಿ, ನಾಯಿಯನ್ನು ಕಟ್ಟಿ ಒಳಗೆ ಬಾ," ಅಂದರು. ಅವಳು ಒರಗಿದ್ದ ಕಂಬಕ್ಕೇ ಹಗ್ಗ ಕಟ್ಟಿದೆ. ಬಗ್ಗಿದಾಗ ಅವಳ ಉಸಿರು ನನ್ನ ಕಿವಿಗೆ ತಾಕಿತು. ಒಳಗೆ ಹೋಗಿ ಒಂದು ಕುರ್ಚಿಯ ಸೀಟು ಹೆಣೆದೆ. ಎರಡು ಸಲ ಬಿಚ್ಚಿ ಹೆಣೆದೆ. ಕೆಲಸ ನನ್ನದಾಯಿತು.

ಕಚೇರಿ ಬಿಟ್ಟು ಬೀದಿಯ ತಿರುವು ದಾಟಿದ ಮೇಲೆ ಹಿಂದಿನಿಂದ ಬಂದು ಅವ್ವ ನನ್ನ ಕೈ ಹಿಡಿದಳು. ಕೆಲಸ ಸಿಕ್ಕಿತೇ ಎಂದು ಕೇಳಲಿಲ್ಲ.

"ಉಗಿ ಮಗ. ನಾನಂದ ಮಾತ್ಗೆ ಮೂರ್ ಸಲ ತೂ ಅಂತ ಉಗಿ. ನನ್ ನಾಲ್ಗೆ ಸೇದೋಗ, ಎಂತಾ ಮಾತಂದ್ಬುಟ್ಟೆ. ನಿಂಗೆ ತಟ್ಬಾರ್ದು ಅದು. ಉಗೀಲಾ!"

ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಬೇಡ ಬಾರವ್ವ ಎಂದರೂ ಅವಳು ನನ್ನನ್ನು ಬಿಡಲಿಲ್ಲ. ಅವಳ ಕೈ ಹಿಡಿದುಕೊಂಡೇ ಮಣ್ಣಿಗೆ ಮೂರು ಸಲ ಉಗಿದೆ. ಆಮೇಲೆ ಅವಳು ಅತ್ತಳು.