‘ಹೋಗ್ತೀನಿ’ ಎಂದು ಬಂದ ಮೆಸೇಜು

ಲಿಫ್ಟಿನ ನಾಲ್ಕು ಮೂಲೆಗೂ ಹಳದಿ ಪಾದ ಅಂಟಿಸಿ, ಗೋಡೆಗೆ ಮುಖ ಮಾಡಿ ನಿಲ್ಲಿ ಎಂದು ಬರೆದಿದ್ದ ಕಾಲ ಅದು. ಶಾಲೆ ಲ್ಯಾಪ್‌ಟಾಪಿನೊಳಗೆ ಹೊಕ್ಕಿತ್ತು. ಮಲೇಷ್ಯಾದ ಸುಬಾಂಗ್ ಜಯಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲಿ ನೋಡಿದರೂ ಸ್ಯಾನಿಟೈಸರ್ ವಾಸನೆ. ಎದುರು ಮನೆಯ ಶೈಲಾ ಆಂಟಿ ಗೋಳಿಬಜೆ ಕರಿದ ಸಂಜೆ ಮಾತ್ರ ಕಾರಿಡಾರಿಗೆ ಜೀವ ಬರುತ್ತಿತ್ತು. ಪಕ್ಕದ ಮನೆಯ ಒಗ್ಗರಣೆಯೇ ಹಬ್ಬವಾಗಿದ್ದ ಆ ದಿನಗಳು ನಿಮಗೂ ನೆನಪಿರಬೇಕು.

ಆಂಟಿ ಕುಂದಾಪುರದ ಕಡೆಯವರು, ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಗಂಡ ಬೆಂಗಳೂರಿನವರು, ಸಾಫ್ಟ್‌ವೇರ್ ಕೆಲಸ. ನನ್ನ ಅಪ್ಪ ಸಿಂಗಪುರದಲ್ಲಿ ಸಿಕ್ಕಿಹಾಕಿಕೊಂಡಿದ್ದರಿಂದ ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಮಧ್ಯಾಹ್ನ ಆಂಟಿ ಬಂದು ನನ್ನ ಜೊತೆ ಚೆನ್ನೆಮಣೆ ಆಡುತ್ತಿದ್ದರು. ಮಣೆ ಮಲೇಷ್ಯಾದ್ದು, ಆಟ ಅವರ ಊರಿನದು.

“ಚೀಟಿಂಗ್ ಲಾ ಆಂಟಿ!” ಎಂದು ನಾನು ಅಲ್ಲಿನವರ ಹಾಗೆ ‘ಲಾ’ ಸೇರಿಸಿ ಕೂಗಿದರೆ, “ಎಂತ ಚೀಟಿಂಗ್? ಕನ್ನಡದಗೆ ಹೇಳ್ ಕಾಂಬ!” ಎನ್ನುತ್ತಿದ್ದರು.

“ಮೋಸ!”

“ಹಾಂಗೆ ಹೇಳ್.” ಹೊರಡುವಾಗ ನನ್ನ ಜಡೆ ಎಳೆದು, “ಬತ್ತೆ ಮಗಾ” ಎಂದು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಬರಲಿಲ್ಲ. ಮರುದಿನವೂ ಇಲ್ಲ. ಅಮ್ಮ ಬೆಲ್ ಒತ್ತಿದಾಗ ಅಂಕಲ್ ಗ್ರಿಲ್ ತೆಗೆಯದೆಯೇ ಮಾತಾಡಿದರು. “ಬ್ಯಾಗ್ ತಗೊಂಡು ಹೊರಟೋದ್ಲು ಮೇಡಂ. ನಿಮಗೂ ಮೆಸೇಜ್ ಹಾಕಿದೀನಿ ಅಂದಿದ್ಲಲ್ಲ, ನೋಡಿಲ್ವಾ?”

ನೋಡಿದರೆ ಮೆಸೇಜು ಇತ್ತು. ‘ನಾನು ಹೋಗ್ತೀನಿ. ಹುಡುಕಬೇಡಿ.’

ಅಮ್ಮ ಅದನ್ನು ಮತ್ತೆ ಮತ್ತೆ ಓದಿದಳು. “ಇದು ಶೈಲಾ ಬರೆದಿದ್ದಲ್ಲ ಕಣೇ. ಹೋಗ್ತೀನಂತೆ! ಹೊರಡೋವಾಗ ‘ಬತ್ತೆ’ ಅನ್ನದೆ ಒಂದು ದಿನ ಹೊಸಿಲು ದಾಟಿದವಳಲ್ಲ ಅವಳು. ‘ಬೇಡಿ’ ಅಂತೆ! ನನ್ನನ್ನ ಯಾವತ್ತು ಬಹುವಚನದಲ್ಲಿ ಮಾತಾಡಿಸಿದ್ಲು? ಹತ್ತು ಕಿಲೋಮೀಟರ್ ದಾಟಿದ್ರೆ ಪೊಲೀಸ್ ತಡೀತಾರೆ, ವಿಮಾನ ಇಲ್ಲ, ಎಲ್ಲಿಗೆ ಹೋಗ್ತಾಳೆ?”

ಪೊಲೀಸ್ ಠಾಣೆಗೆ ನನ್ನನ್ನೂ ಎಳೆದುಕೊಂಡು ಹೋದಳು, ನನಗೆ ಶಾಲೆಯ ಮಲಯ್ ಬರುತ್ತಿತ್ತಲ್ಲ. ಪ್ಲಾಸ್ಟಿಕ್ ಪರದೆಯ ಆಚೆ ಕೂತಿದ್ದ ಸಾರ್ಜೆಂಟ್ ಮೆಸೇಜಿನ ಅರ್ಥ ಕೇಳಿದರು. ನಾನು ಹೇಳಿದೆ. “ಸರಿ, ಹೋಗ್ತೀನಿ ಅಂದಿದ್ದಾರೆ, ಹೋಗಿದ್ದಾರೆ. ಇದರಲ್ಲಿ ಅನುಮಾನ ಏನು?”

“ನಮ್ಮ ಕಡೆ ಹೋಗುವವರು ಹಾಗೆ ಹೇಳಲ್ಲ. ‘ಬರ್ತೀನಿ’ ಅಂತಾರೆ,” ಎಂದು ಅಮ್ಮನ ಮಾತನ್ನು ಮಲಯ್‌ಗೆ ತಿರುಗಿಸಿದೆ.

ಅವರು ನನ್ನನ್ನೇ ನೋಡಿದರು. “ಹೋಗುವವರು ಬರ್ತೀನಿ ಅಂತಾರಾ? ಹಾಗಾದರೆ ಬರುವವರು ಏನಂತಾರೆ?”

ಯಾರೋ ಕಿಸಕ್ಕನೆ ನಕ್ಕರು. ಅಮ್ಮ ಎರಡೂ ಅಂಗೈಯನ್ನು ಪರದೆಗೆ ಒತ್ತಿ, “ನಿಮ್ಮ ಕಾಲಿಗೆ ಬೀಳ್ತೀನಿ, ಹುಡುಕಿ,” ಎಂದು ಕನ್ನಡದಲ್ಲೇ ಅಳತೊಡಗಿದಳು. ಅದನ್ನು ಮಲಯ್‌ನಲ್ಲಿ ಹೇಗೆ ಹೇಳುವುದೋ ನನಗೆ ತಿಳಿಯಲಿಲ್ಲ. ನನಗೂ ಅಳು ಬಂತು, ಸಿಟ್ಟೂ ಬಂತು.

ಪಕ್ಕದ ಮೇಜಿನ ತಮಿಳು ಪೊಲೀಸಮ್ಮ ತಲೆಯೆತ್ತಿದರು. “ಸರ್, ನಮ್ಮ ಅಮ್ಮನೂ ಹಾಗೇ. ‘ಪೋಯಿಟ್ಟು ವರೇನ್’ ಅಂತಾರೆ, ಹೋಗಿ ಬರ್ತೀನಿ ಅಂತ. ಬರೀ ‘ಪೋರೇನ್’ ಅಂದ್ರೆ ಬೈತಾರೆ. ಈಯಮ್ಮ ಹೇಳೋದು ನಿಜ ಇರಬಹುದು.”

ಅವರೇ ದೂರು ಬರೆದುಕೊಂಡರು, ಅವರೇ ಹುಡುಕಿಸಿದರು. ಅಷ್ಟರಲ್ಲಿ ದಿನಗಳು ಕಳೆದಿದ್ದವು. ಅಪಾರ್ಟ್‌ಮೆಂಟಿನ ಹಿಂದೆ ಮಳೆನೀರು ನಿಲ್ಲುವ ಕೊಳದಲ್ಲಿ ಆಂಟಿ ಸಿಕ್ಕರು. ಬ್ಯಾಗ್ ಸಿಗಲಿಲ್ಲ, ಫೋನೂ ಸಿಗಲಿಲ್ಲ. ನೀರು, ಬಿಸಿಲು ಎಲ್ಲವನ್ನೂ ಕೆಡಿಸಿಬಿಟ್ಟಿವೆ, ಸಾವಿನ ಕಾರಣ ಹೇಳಲಾಗದು ಎಂದರು ಡಾಕ್ಟರು. ಪೊಲೀಸರು ಅಂಕಲ್‌ನನ್ನು ಎಷ್ಟೋ ಸಲ ಕರೆಸಿ ಕೇಳಿದರು. ಅವಳಿಗೆ ಮನಸ್ಸು ಸರಿಯಿರಲಿಲ್ಲ ಎಂದು ಅವರು ಒಂದೇ ಮಾತು ಹೇಳಿದರು. ಅದು ಸುಳ್ಳೆಂದು ತೋರಿಸಲು ನಮ್ಮ ಹತ್ತಿರ ಇದ್ದದ್ದು ಒಂದು ‘ಹೋಗ್ತೀನಿ’. ಅಷ್ಟರ ಮೇಲೆ ಯಾವ ಕೇಸು ನಿಲ್ಲುತ್ತದೆ ಹೇಳಿ? ವಿಮಾನ ಶುರುವಾದ ಕೂಡಲೇ ಅವರು ಮನೆ ಖಾಲಿ ಮಾಡಿ ಹೊರಟುಹೋದರು. ಹಾಳಾಗಿ ಹೋಗಲಿ ಎಂದು ನಾನು ಬಾಲ್ಕನಿಯಿಂದ ಶಪಿಸಿದೆ.

ಅಂತ್ಯಕ್ರಿಯೆಗೆ ನಮ್ಮನ್ನು ಬಿಡಲಿಲ್ಲ. ಆಂಟಿಯ ತಾಯಿಗಂತೂ ಕುಂದಾಪುರದಿಂದ ಹೊರಡುವುದೇ ಆಗಲಿಲ್ಲ. ಅವರು ಅಮ್ಮನಿಗೆ ಫೋನ್ ಮಾಡಲು ಶುರುಮಾಡಿದರು. “ಎಂತಾರೂ ಗೊತ್ತಾಯ್ತಾ?” ಎಂದು ಅವರು, “ಇನ್ನೂ ನೋಡ್ತಾ ಇದಾರಂತೆ ಅಮ್ಮ” ಎಂದು ಇವಳು. ಯಾರೂ ನೋಡುತ್ತಿರಲಿಲ್ಲ. ಆ ಪೊಲೀಸಮ್ಮನಿಗೆ ಬೇರೆ ಊರಿಗೆ ವರ್ಗವಾಗಿತ್ತು. ಆದರೂ ಅಮ್ಮ ಠಾಣೆಗೆ ಹೋಗಿ ಬೆಂಚಿನ ಮೇಲೆ ಕೂತು ಬರುತ್ತಿದ್ದಳು, ಕೇಳಿದ್ದೇನೆ ಎಂದು ಆ ಮುದುಕಿಗೆ ಹೇಳಬೇಕಲ್ಲ ಎಂದು. ವರ್ಷಗಟ್ಟಲೆ ಹೀಗೇ ನಡೆಯಿತು.

ನಾನು ಕಾಲೇಜು ಸೇರಿದ ಮೇಲೆ ಒಂದು ದಿನ ಆ ಫೋನ್ ಬಂದಾಗ ಅಮ್ಮ ಜ್ವರ ಬಂದು ಮಲಗಿದ್ದಳು. ನಾನೇ ಎತ್ತಿದೆ. ಅದೇ ಪ್ರಶ್ನೆ. ನನಗೆ ಸಾಕಾಗಿತ್ತು.

“ಇಲ್ಲ ಅಜ್ಜಿ. ಏನೂ ಗೊತ್ತಾಗಿಲ್ಲ. ಇನ್ನು ಗೊತ್ತಾಗೋದೂ ಇಲ್ಲ. ಯಾರೂ ನೋಡ್ತಿಲ್ಲ.”

ಅಜ್ಜಿ ಮೆತ್ತಗೆ ಹೇಳಿದರು: “ನಂಗ್ ಗೊತ್ತಿತ್ ಮಗಾ. ನಾನ್ ಕೇಳ್ದೆ ಇದ್ರೆ ನಿನ್ನ ಅಮ್ಮಂಗೆ ಬೇಜಾರಾತ್ತ್ ಅಂದ್ಹೇಳಿ ಕೇಂತಿದ್ದೆ ಅಷ್ಟೆ.”

ಅದಾದ ಮೇಲೆ ಅವರು ಫೋನ್ ಮಾಡಲಿಲ್ಲ. ಅಮ್ಮನೂ ಠಾಣೆಗೆ ಹೋಗುವುದನ್ನು ಬಿಟ್ಟಳು. ಆಗ ಉತ್ತರವಷ್ಟೇ ಇರಲಿಲ್ಲ. ಈಗ ಶೈಲಾ ಆಂಟಿ ಹೇಗೆ ಸತ್ತರು ಎಂದು ಕೇಳುವವರೂ ಇಲ್ಲ.