ವೈನಿಯ ಎರಡನೆಯ ಕೂಸು

ಕಳೆದ ವಾರ ಮೂಡಲಗಿ ಬಸ್ ನಿಲ್ದಾಣದಲ್ಲಿ ನನ್ನ ಮುಂದೆ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಕಬ್ಬಿನ ಕೆಲಸ ಮುಗಿಸಿ ಊರಿಗೆ ಹೊರಟಿದ್ದಳೇನೋ. ಅವಳ ಕಂದು ಜಂಪರಿನ ಬೆನ್ನ ಮೇಲೆ ಬೆವರು ಒಣಗಿ ಉಪ್ಪಿನ ಬಿಳಿ ಗೆರೆ ಮೂಡಿತ್ತು. ಬಿಸಿಲಲ್ಲಿ ದುಡಿದ ಯಾರ ಬಟ್ಟೆಯ ಮೇಲಾದರೂ ಮೂಡುವಂಥದ್ದೇ. ಆದರೂ ನನಗೆ ನಮ್ಮ ಬಾಜೂ ಮನೆಯ ವೈನಿ ನೆನಪಾದಳು. ಅವಳ ಜಂಪರಿನ ಮೇಲೆ ಈ ಗೆರೆ ಮಳೆಗಾಲದಲ್ಲೂ ಇರುತ್ತಿತ್ತು, ನೆರಳಲ್ಲಿ ಕೂತು ಹೊಲಿಗೆ ಹಾಕಿದ ದಿನವೂ ಇರುತ್ತಿತ್ತು. ಅದನ್ನು ನಾನು ಹತ್ತಿರದಿಂದ ನೋಡಿದ್ದೆ, ದಿನಾ ನೋಡಿದ್ದೆ... ಯಾಕೆ ಹೀಗೆ ಎಂದು ಒಂದು ಸಲವೂ ಕೇಳಿರಲಿಲ್ಲ.

ವಯಸ್ಸಿನಲ್ಲಿ ಅವಳು ನನಗಿಂತ ಆರು ವರ್ಷಕ್ಕೆ ಚಿಕ್ಕವಳು. ಆದರೆ ಅವಳ ಗಂಡನನ್ನು ನಾನು ಚಿಕ್ಕಂದಿನಿಂದ ಅಣ್ಣ ಎಂದೇ ಕರೆದವಳು, ಹಾಗಾಗಿ ಅವಳು ನನಗೆ ವೈನಿ, ಅಂದರೆ ಅತ್ತಿಗೆ. ನನ್ನ ಗಂಡ ತೀರಿಕೊಂಡ ಮೇಲೆ ನಾನು ಕುಲಗೋಡದ ತವರಿಗೆ ಮರಳಿ ಬಂದು ಆಶಾ ಕಾರ್ಯಕರ್ತೆಯಾಗಿ ಸೇರಿಕೊಂಡೆ. ಅದೇ ವರ್ಷ ಅವಳು ಬೆಲ್ಲದ ಬಾಗೇವಾಡಿಯಿಂದ ಬಾಜೂ ಮನೆಗೆ ಸೊಸೆಯಾಗಿ ಬಂದಳು. ಪರಕೀಯಳೇನಲ್ಲ. ಅವಳ ತಾಯಿ ಅದೇ ಮನೆಯ ಮಗಳು; ಅವಳನ್ನು ಸೋದರಮಾವನ ಮಗನಿಗೆ ಕೊಟ್ಟಿದ್ದರು. ಮಾವ ಆಗಲೇ ಇರಲಿಲ್ಲ. ಅತ್ತೆಯನ್ನು ನಾನು ದೊಡ್ಡವ್ವ ಎನ್ನುತ್ತಿದ್ದೆ.

ವೈನಿ ಬಾಗಿಲ ಬೆಳಕಿಗೆ ಮಶೀನು ಇಟ್ಟುಕೊಂಡು ಓಣಿಯವರ ಜಂಪರೆಲ್ಲ ಹೊಲಿಯುತ್ತಿದ್ದಳು. ನನ್ನ ಗುಲಾಬಿ ಸಮವಸ್ತ್ರಕ್ಕೆ ಹೊಂದುವ ಜಂಪರನ್ನೂ ಅವಳೇ ಹೊಲಿದಿದ್ದು. ಮೂರು ರೊಟ್ಟಿ ತಿಂದರೂ ಮೈ ಹತ್ತುತ್ತಿರಲಿಲ್ಲ. ಕೆಮ್ಮು ಮಾತ್ರ ಹುಟ್ಟಿದಾಗಿನಿಂದ ಜೊತೆಗಿತ್ತು. ಗೋಕಾಕದ ಒಬ್ಬ ಡಾಕ್ಟರು ಎಕ್ಸರೇ ನೋಡಿ ಕ್ಷಯ ಅಂದರು. ಕಫದಲ್ಲಿ ಏನೂ ಸಿಕ್ಕಿರಲಿಲ್ಲ, ಆದರೂ ಆರು ತಿಂಗಳು ಗುಳಿಗೆ. ಎರಡು ವರ್ಷ ಬಿಟ್ಟು ಮತ್ತೆ ಆರು ತಿಂಗಳು. ದಿನಾ ಎದುರಿಗೆ ನಿಂತು ನುಂಗಿಸಿದವಳು ನಾನು. ಅವಳಿಗೆ ಕ್ಷಯ ಇರಲೇ ಇಲ್ಲ. ಆ ಹನ್ನೆರಡು ತಿಂಗಳು ದೊಡ್ಡವ್ವ ಅವಳ ತಟ್ಟೆ-ಲೋಟ ಬೇರೆ ಇಟ್ಟಳು, ಗುಳಿಗೆ ಮುಗಿದ ಮೇಲೂ ಅವು ಬೇರೆಯೇ ಉಳಿದವು. ಅದನ್ನು ನೋಡಿಯೂ ನಾನು ಸುಮ್ಮನಿದ್ದೆ.

ಮಗಳು ಹುಟ್ಟಿದ್ದು ಆ ಎರಡು ಸುತ್ತುಗಳ ನಡುವೆ. ಬಾಣಂತನದಲ್ಲಿ ವೈನಿ ಉಸಿರಿಗೆ ಒದ್ದಾಡಿ ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದಳು. ಆದರೆ ಕೂಸು ಗುಂಡುಗುಂಡಾಗಿತ್ತು, ಜನ ಅದನ್ನೇ ನೆನಪಿಟ್ಟರು. ಮಗಳಿಗೆ ನಾಲ್ಕು ತುಂಬುವ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಮಾತು. ಎರಡನೇದ್ದು ಯಾವಾಗ? ನೀರಿಗೆ ಹೋದರೆ ಅದೇ, ಮದುವೆಗೆ ಹೋದರೆ ಅದೇ. ನನ್ನ ಕೈಯಲ್ಲಿ, ಮಕ್ಕಳಾಗುವ ವಯಸ್ಸಿನ ಗಂಡ-ಹೆಂಡಿರ ಹೆಸರು ಬರೆದಿಡುವ ಅರ್ಹ ದಂಪತಿಗಳ ರಿಜಿಸ್ಟರ್ ಇರುತ್ತಿತ್ತು, ಕೇಳುವುದು ನನ್ನ ಕೆಲಸವೂ ಆಗಿತ್ತು. ಅಷ್ಟು ಸಾಲದೆಂದು ದೊಡ್ಡವ್ವ ಒಂದು ದಿನ ನನ್ನನ್ನು ಕರೆದು, “ನಿನ್ನ ಮಾತು ಕೇಳ್ತಾಳು, ನೀ ಒಂದೀಟು ಹೇಳು ತಂಗಿ” ಎಂದಳು. ನಾನು ಹೋಗಿ ಹೇಳಿದೆ.

“ವೈನಿ, ಕೂಸು ದೊಡ್ಡದಾತು. ಇನ್ನೊಂದರದು ಏನ್ ವಿಚಾರ ಮಾಡೀರಿ?”

ಅವಳು ಮಶೀನಿನ ಗಾಲಿಯ ಮೇಲೆ ಕೈಯಿಟ್ಟು ನಿಲ್ಲಿಸಿದಳು. “ನೀವೂ ಅವ್ರ ಕಡೀನ ಆದ್ರೇನ್ರಿ ಅಕ್ಕಾ?”

ರಿಜಿಸ್ಟರಿನಲ್ಲಿ ಏನೋ ಒಂದು ಬರೆದುಕೊಂಡು ಎದ್ದು ಬಂದೆ.

ಮುಂದಿನ ಬೇಸಿಗೆಯಲ್ಲಿ ವೈನಿ ಅಂಗಳದಲ್ಲಿ ಸೆಂಡಿಗೆ ಒಣಹಾಕುತ್ತ ಕುಸಿದು ಬಿದ್ದಳು. ಮೈ ತಣ್ಣಗಾಗಿತ್ತು, ಕಾಲು ಸೆಟೆದಿದ್ದವು. ಗೋಕಾಕಕ್ಕೆ ಒಯ್ದೆವು, ಅಲ್ಲಿಂದ ಬೆಳಗಾವಿಗೆ ಕಳಿಸಿದರು. ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಬಾಯಿ ಇದ್ದರು, ನನಗಿಂತ ಚಿಕ್ಕ ವಯಸ್ಸು. ಮೈಯಲ್ಲಿ ಉಪ್ಪೇ ಉಳಿದಿಲ್ಲ ಎಂದು ರಕ್ತದ ವರದಿ ಬಂದಾಗ ಅವರು ಕೇಳಿದ ಮೊದಲ ಪ್ರಶ್ನೆ: “ನಿಮ್ಮ ಬಟ್ಟೆ ಮೇಲೆ ಬೆವರು ಒಣಗಿದ್ರೆ ಬೆಳ್ಳಗೆ ಆಗ್ತದೇನ್ರಿ?” ವೈನಿ ನನ್ನ ಮುಖ ನೋಡಿದಳು.

ಬೆವರು ತೆಗೆದು ಪರೀಕ್ಷೆ ಮಾಡಿದರು. ಸಿಸ್ಟಿಕ್ ಫೈಬ್ರೋಸಿಸ್ ಎಂದರು. ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು: ಇದು ಹುಟ್ಟಿನಿಂದ ಬರುವ ರೋಗ, ಅಂಟುವುದಿಲ್ಲ. ಪುಪ್ಪುಸದಲ್ಲಿ ಕಫ ಅಂಟಿನಂತೆ ಗಟ್ಟಿಯಾಗುತ್ತದೆ, ಉಂಡದ್ದು ಅರಗುವುದಿಲ್ಲ, ಬೆವರಿನಲ್ಲಿ ಉಪ್ಪೆಲ್ಲ ಹೋಗುತ್ತದೆ. ತಾಯಿ ಕಡೆಯಿಂದ ಒಂದು ಪಾಲು, ತಂದೆ ಕಡೆಯಿಂದ ಒಂದು ಪಾಲು, ಎರಡೂ ಸೇರಿದರೆ ಮಾತ್ರ ಈ ರೋಗ. ವೈನಿಗಿಂತ ಮೊದಲು ಅವಳ ತಾಯಿಗೆ ಹುಟ್ಟಿದ ಎರಡು ಗಂಡು ಕೂಸುಗಳು ವರ್ಷ ತುಂಬುವ ಮೊದಲೇ ಹೋಗಿದ್ದವು. ದೃಷ್ಟಿಯಾಯಿತು ಎಂದಿದ್ದರಂತೆ. ಇಪ್ಪತ್ತೇಳು ವರ್ಷ ಒಬ್ಬ ಹೆಣ್ಣುಮಗಳು ಕೆಮ್ಮಿದಳು, ಇಪ್ಪತ್ತೇಳು ವರ್ಷ ಯಾರಿಗೂ ಕೇಳಬೇಕು ಅನ್ನಿಸಲಿಲ್ಲ.

ನಾವು ಊರಿಗೆ ಬಂದ ಮೇಲೆ ಮಾತು ತಿರುಗಿಬಿಟ್ಟಿತು. ನಿನ್ನೆಯವರೆಗೆ ಹಡೆ ಎಂದವರೇ ಇಂದು, ಇಂಥವಳು ಒಂದನ್ನಾದರೂ ಹೇಗೆ ಹಡೆದಳು ಎನ್ನತೊಡಗಿದರು. ಒಂದು ರವಿವಾರ ಬಾಗೇವಾಡಿಯಿಂದ ವೈನಿಯ ತಾಯಿಯನ್ನು ಕರೆಸಿದರು. ಅಣ್ಣನ ಕಾಕಾ ಬಂದು ಕಟ್ಟೆಯ ಮೇಲೆ ಕೂತ. ಆಸ್ಪತ್ರೆಯ ವಿಷಯ ಗೊತ್ತಿದ್ದವಳೆಂದು ನನ್ನನ್ನೂ ಕರೆದರು.

“ರೋಗ ಮುಚ್ಚಿಟ್ಟು ಕೊಟ್ರಿ. ನಮ್ಮ ಮನ್ಯಾಗ ಇಂಥಾದ್ದು ಇದ್ದಿದ್ದಿಲ್ಲ” ಎಂದಳು ದೊಡ್ಡವ್ವ.

“ಗೊತ್ತಿದ್ರ ಹೇಳ್ತಿದ್ದಿಲ್ಲೇನು?” ಎನ್ನುತ್ತ ಆ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆ ತಾಯಿ ಹುಟ್ಟಿದ್ದೇ ಆ ಮನೆಯಲ್ಲಿ, ಆಡಿ ಬೆಳೆದದ್ದು ಅದೇ ಅಂಗಳದಲ್ಲಿ. ಆ ರಕ್ತ ಬೇರೆ ಎಲ್ಲಿಂದ ಬಂದಿತ್ತು? ನಾನು ಅದನ್ನೇ ಬಾಯಿಬಿಟ್ಟು ಹೇಳಿದೆ. ಕಾಕಾ ನನ್ನತ್ತ ತಿರುಗಿಯೂ ನೋಡಲಿಲ್ಲ. “ಆಕಿ ಇರ್ಲಿ, ಬ್ಯಾಡ ಅನ್ನೂದಿಲ್ಲ. ಇವನಿಗೆ ಇನ್ನೊಂದು ಲಗ್ನ ಮಾಡೂಣು. ಮನಿಗೆ ಒಂದು ಗಂಡು ಬೇಕು” ಎಂದ. ಒಳಗೆ ಮಶೀನಿನ ಸದ್ದು ನಿಂತಿತು. ಅಣ್ಣ ತಲೆ ಬಗ್ಗಿಸಿ ಕೂತಿದ್ದ. ಒಂದು ಮಾತು... ಒಂದೇ ಒಂದು ಮಾತು ಆಡಲಿಲ್ಲ. ಆ ಸಿಟ್ಟಿಗೆ ನಾನು ಎಷ್ಟೋ ದಿನ ಅವನ ಜೊತೆ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ವೈನಿ ನಮ್ಮ ಮನೆಗೆ ಬಂದಳು. ಕೈಯಲ್ಲಿ ಅಳತೆ ಬರೆದುಕೊಳ್ಳುವ ವಹಿ ಇತ್ತು.

“ಅಕ್ಕಾ, ನಂಗ ಇನ್ನೊಂದು ಕೂಸು ಬೇಕಾಗೇತ್ರಿ. ಅವ್ರಿಗಲ್ಲ, ನಂಗ. ನಾ ಹೋದ ಮ್ಯಾಲ ಈ ಹುಡುಗಿಗೆ ಒಂದು ಜೋಡಿ ಬೇಕಲ್ಲ.”

“ಹುಚ್ಚು ಹಿಡದೇತೇನ್ರಿ ವೈನಿ?” ನನ್ನ ದನಿ ಏರಿತ್ತು.

ಅವಳು ದನಿ ಏರಿಸಲಿಲ್ಲ. “ಹ್ವಾದ ವರ್ಷ ಯಾವಾಗ ಹಡಿತೀರಿ ಅಂತ ಕೇಳಿದ್ರಿ. ಈಗ ಹುಚ್ಚು ಅಂತೀರಿ. ನಾ ಏನ್ ಕೇಳಾಕ ಬಂದೇನಿ ಅನ್ನೂದನ್ನ ಒಮ್ಮಿ ಪೂರಾ ಕೇಳ್ರಿ.”

ವಹಿಯ ಕೊನೆಯ ಹಾಳೆಯಲ್ಲಿ ಅವಳು ಪ್ರಶ್ನೆ ಬರೆದುಕೊಂಡಿದ್ದಳು. ಹುಟ್ಟುವ ಕೂಸಿಗೂ ಇದು ಬರುತ್ತದೆಯೇ. ಈಗಿರುವ ಮಗಳಿಗೆ ಇದೆಯೇ. ಇನ್ನೊಂದು ಬಸಿರನ್ನು ನನ್ನ ಪುಪ್ಪುಸ ತಡೆಯುತ್ತದೆಯೇ. ತಡೆದರೂ ಆಮೇಲೆ ಎರಡು ಮಕ್ಕಳನ್ನು ಎತ್ತಿ ಬೆಳೆಸುವಷ್ಟು ಉಸಿರು ಉಳಿಯುತ್ತದೆಯೇ. ಊರಿನಲ್ಲಿ ಇಷ್ಟು ಮಂದಿ ಅವಳ ಬಸಿರಿನ ಬಗ್ಗೆ ಮಾತಾಡಿದ್ದರು. ಈ ನಾಲ್ಕರಲ್ಲಿ ಒಂದನ್ನೂ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನಾವು ನಾಲ್ವರೂ ಬೆಳಗಾವಿಗೆ ಹೋದೆವು. ಅಣ್ಣನೂ ಬಂದ, ವೈನಿಯೇ ಎಳೆದುಕೊಂಡು ಬಂದಿದ್ದಳು. ಮಗಳ ಬೆವರು ಪರೀಕ್ಷಿಸಿದರು. ರೋಗವಿಲ್ಲ, ತಾಯಿಯ ಪಾಲು ಮಾತ್ರ ರಕ್ತದಲ್ಲಿರುತ್ತದೆ, ಅದರಿಂದ ಅವಳಿಗೆ ತೊಂದರೆಯಿಲ್ಲ ಎಂದರು. ವೈನಿ ಆಗ ಅತ್ತಳು, ನಾನು ಅವಳು ಅತ್ತಿದ್ದನ್ನು ನೋಡಿದ್ದು ಅದೊಂದೇ ಸಲ. ಅಣ್ಣನ ರಕ್ತವನ್ನು ದೂರದ ಊರಿಗೆ ಕಳಿಸಿದರು. ವರದಿಗೆ ಒಂದೂವರೆ ತಿಂಗಳು ಕಾದು, ನಾಲ್ವರೂ ಮತ್ತೆ ಬೆಳಗಾವಿಗೆ ಹೋದೆವು. ಅವನ ರಕ್ತದಲ್ಲೂ ಆ ಒಂದು ಪಾಲು ಇತ್ತು. ನಮ್ಮ ಮನೆಯಲ್ಲಿ ಇಂಥದ್ದು ಇರಲಿಲ್ಲ ಎಂದಳಲ್ಲ ದೊಡ್ಡವ್ವ, ಆ ಮನೆಯ ಮಗನ ರಕ್ತದಲ್ಲೇ ಇತ್ತು.

ಡಾಕ್ಟರಬಾಯಿ ಏನನ್ನೂ ಮುಚ್ಚಿಡಲಿಲ್ಲ. ಮುಂದಿನ ಕೂಸಿಗೆ ರೋಗ ಬರುವುದು ಅರ್ಧಕ್ಕರ್ಧ. ಬಸಿರಾದ ಮೊದಲ ತಿಂಗಳುಗಳಲ್ಲೇ ಪರೀಕ್ಷೆ ಮಾಡಿ ತಿಳಿಯಬಹುದು, ತಿಳಿದ ಮೇಲೆ ಏನು ಮಾಡುವುದೆಂದು ನಿರ್ಧರಿಸಬೇಕಾಗುತ್ತದೆ. ಮೊದಲ ಹೆರಿಗೆಯಲ್ಲೇ ಪುಪ್ಪುಸ ಸೋತಿದೆ, ಎರಡನೆಯದನ್ನು ತಡೆಯಬಹುದು, ತಡೆಯದಿರಲೂಬಹುದು. “ಬೇಡ ಅಂತ ನಾನು ಹೇಳೋದಿಲ್ಲ. ಗೊತ್ತಿರೋದನ್ನ ಹೇಳಿದ್ದೀನಿ” ಎಂದರು. ವೈನಿ ವಹಿಯಲ್ಲಿ ಬರೆದುಕೊಂಡಳು. ಆಮೇಲೆ, ಹಾಳೆಯಲ್ಲಿ ಇರದ ಒಂದು ಪ್ರಶ್ನೆ ಕೇಳಿದಳು: “ಇದೊಂದಕ್ಕ ಅವ್ವಾಗಿ ನಾ ಎಷ್ಟ್ ವರ್ಷ ಇರಬಹುದ್ರಿ?” ಅದನ್ನು ಹೇಳಲಾಗದು, ಚಿಕಿತ್ಸೆ ತಪ್ಪಿಸದಿದ್ದರೆ ಹೆಚ್ಚು ವರ್ಷ ಎಂದರು.

ಗೋಕಾಕದಲ್ಲಿ ಇಳಿದು ಕುಲಗೋಡದ ಬಸ್ಸಿಗೆ ಕಾದು ಕೂತಿದ್ದೆವು. ಅಣ್ಣ ಮಗಳನ್ನು ಕರೆದುಕೊಂಡು ಕರದಂಟು ತಂದ. ವೈನಿ ಹೊಸದಾಗಿ ಕೊಟ್ಟ ಅರಗಿಸುವ ಗುಳಿಗೆ ನುಂಗಿ ಒಂದು ತುಂಡು ತಿಂದಳು. ಬೆರಳು ಒರೆಸಿಕೊಂಡು ಹೇಳಿದಳು.

“ಬ್ಯಾಡ್ರಿ ಅಕ್ಕಾ. ನಂಗ ಬೇಕಾಗೇತಿ, ಆದ್ರ ಬ್ಯಾಡ. ನನ್ನಂಗ ಕೆಮ್ಮೂ ಕೂಸು ಹುಟ್ಟಿದ್ರೂ ನಾ ಹೆಂಗರ ಬೆಳಸ್ತಿದ್ದೆ. ಆದ್ರ ಇರೂ ಉಸುರು ಇದಕ್ಕ ಬೇಕು.” ಬಸ್ಸು ಬಂದಾಗ ಏಳುತ್ತ ಸೇರಿಸಿದಳು: “ಡಾಕ್ಟರು ಬ್ಯಾಡಂದ್ರು ಅಂತ ಊರಾಗ ಹೇಳಬ್ಯಾಡ್ರಿ. ಬ್ಯಾಡ ಅಂದಾಕಿ ನಾ.”

ಮನೆಗೆ ಹೋಗಿ ಅದನ್ನೇ ಅತ್ತೆಗೂ ಹೇಳಿದಳು. ದೊಡ್ಡವ್ವ ಬೈಗುಳ ಶುರುಮಾಡಿದಾಗ ಅಣ್ಣ ಮೊದಲ ಬಾರಿ ಬಾಯಿ ತೆಗೆದ. ಇನ್ನೊಂದು ಲಗ್ನದ ಮಾತು ಈ ಮನೆಯಲ್ಲಿ ಬರಬಾರದು ಎಂದ. ಮುಂದಿನ ತಿಂಗಳು ನನ್ನ ಬಳಿ ಬಂದು, ಗಂಡಸರ ಆಪರೇಷನ್ ಎಲ್ಲಿ ಮಾಡುತ್ತಾರೆ ಎಂದು ಕೇಳಿದ. “ಆಕಿ ಮೈಮ್ಯಾಲ ಕತ್ರಿ ಬ್ಯಾಡ.” ಆಪರೇಷನ್ ಮಾಡಿಸಿಕೊಂಡನೆಂದು ನಮ್ಮೂರಿನಲ್ಲಿ ನಾನು ರಿಜಿಸ್ಟರಿಗೆ ಬರೆದ ಒಬ್ಬನೇ ಗಂಡಸು ಅವನು. ಸುದ್ದಿ ಹೇಗೋ ಹೊರಬಿತ್ತು. ಚಹಾ ಅಂಗಡಿಯಲ್ಲಿ ನಕ್ಕರು. ದೊಡ್ಡವ್ವ ನಮ್ಮ ಬಾಗಿಲಿಗೆ ಬಂದು, ನನ್ನ ವಂಶ ಮುರಿದವಳು ನೀನು ಎಂದು ಮಣ್ಣು ತೂರಿ ಹೋದಳು. ನಾನು ಆಗಲೂ ಏನೂ ಅನ್ನಲಿಲ್ಲ. ಅನ್ನಬೇಕಿತ್ತು.

ವೈನಿ ಅದಾದ ಮೇಲೆ ಏಳು ವರ್ಷ ಬದುಕಿದಳು. ದಿನಾ ಬೆಳಿಗ್ಗೆ ಉಪ್ಪುನೀರಿನ ಹಬೆ ಎಳೆದುಕೊಳ್ಳುವಳು. ಆಮೇಲೆ ಮಂಚದ ಮೇಲೆ ಬೋರಲು ಮಲಗುವಳು. ಕಫ ಸಡಿಲಾಗಲು ಅಣ್ಣ ಬೆನ್ನು ತಟ್ಟುತ್ತಿದ್ದ, ಮುಂದೆ ಮಗಳು ಕಲಿತಳು. ಸಾಲೆಯ ಗಂಟೆಗೆ ಮೊದಲು ಬಾಜೂ ಮನೆಯಿಂದ ಆ ತಟ್ಟುವ ಸದ್ದು ಕೇಳುತ್ತಿತ್ತು, ನಡುವೆ ಇಬ್ಬರ ನಗು. ಗುಳಿಗೆ ಬೆಳಗಾವಿಯಲ್ಲೂ ಒಮ್ಮೊಮ್ಮೆ ಸಿಗುತ್ತಿರಲಿಲ್ಲ. ಆ ದಿನಗಳಲ್ಲಿ ಅರ್ಧ ಊಟ ಮಾಡುತ್ತಿದ್ದಳು. ಮಗಳು ಏಳನೆಯ ಇಯತ್ತೆಯಲ್ಲಿದ್ದಾಗ ಒಂದು ಚಳಿಗಾಲ ಎದೆಯಲ್ಲಿ ಕೀವು ತುಂಬಿತು. ಹನ್ನೊಂದು ದಿನ ಬೆಳಗಾವಿಯ ಆಸ್ಪತ್ರೆಯಲ್ಲಿ... ಹನ್ನೆರಡನೆಯ ದಿನ ಊರಿಗೆ ತಂದೆವು.

ಮಣ್ಣು ಮಾಡುವ ಹೊತ್ತಿಗೆ ನನ್ನ ಹಡೆದವ್ವ, ನನ್ನ ಬಾಜೂ ನಿಂತವಳು, ಲೊಚಗುಟ್ಟಿ, “ಒಂದು ಗಂಡರ ಇದ್ದಿದ್ರ ಮಣ್ಣು ಹಾಕ್ತಿತ್ತು” ಎಂದಳು. ಅಷ್ಟು ವರ್ಷ ನುಂಗಿದ್ದೆಲ್ಲ ಹೊರಗೆ ಬಂತು. ಏನೇನು ಅಂದೆನೋ ಪೂರಾ ನೆನಪಿಲ್ಲ. ಇಷ್ಟು ನೆನಪಿದೆ: “ಆ ಗಂಡು ಬಂದಿದ್ರ ಈ ಹುಡುಗಿಗೆ ಈ ಏಳು ವರ್ಷ ಸಿಗ್ತಿದ್ದಿಲ್ಲ. ಬಾಯಿ ಮುಚ್ಚಬೇ.” ಮಂದಿ ತಿರುಗಿ ನೋಡಿದರು. ಮಗಳು ಮುಂದೆ ಬಂದು ಎರಡೂ ಕೈಯಿಂದ ಮಣ್ಣು ಹಾಕಿದಳು. ಯಾರೂ ತಡೆಯಲಿಲ್ಲ.

ಅವಳಿಗೀಗ ಹದಿನೇಳು. ಮೂಡಲಗಿಯ ಕಾಲೇಜಿಗೆ ಹೋಗುತ್ತಾಳೆ, ನನ್ನನ್ನು ಅತ್ತಿ ಎನ್ನುತ್ತಾಳೆ. ಹೋದ ತಿಂಗಳು ದೊಡ್ಡವ್ವ ಅವಳಿಗೆ ಗಂಡು ಗೊತ್ತುಮಾಡುವ ಮಾತೆತ್ತಿದಳು. ಮತ್ತೆ ಅದೇ ಬಳ್ಳಿ, ತನ್ನ ಗಂಡನ ತಮ್ಮನ ಮಗಳ ಮಗ. ಹದಿನೆಂಟಾಗಲಿ, ಈಗಲೇ ಮಾತು ಮುಗಿಸಿಡೋಣ ಅಂದಳಂತೆ. ಇಷ್ಟೆಲ್ಲ ಆದ ಮೇಲೆ, ಮನೆಯ ಕಣ್ಣೆದುರು ಒಬ್ಬಳು ಉಸಿರಿಗಾಗಿ ಒದ್ದಾಡಿ ಹೋದ ಮೇಲೆ. ನಾನು ಕೇಳಿದವಳೇ ಚಪ್ಪಲಿ ಮೆಟ್ಟಿಕೊಂಡು ಹೋದೆ. ಹುಡುಗಿ ಅಂಗಳದಲ್ಲೇ ನನ್ನ ಕೈ ಹಿಡಿದಳು.

“ನೀವ್ ಸುಮ್ಮನಿರ್ರಿ ಅತ್ತಿ. ನಾ ಹೇಳ್ತೇನಿ.”

ಅವಳು ಒಳಗೆ ಹೋಗಿ ಅಜ್ಜಿಯ ಎದುರು ಕೂತು, ತನ್ನ ರಕ್ತದಲ್ಲಿ ಏನಿದೆ, ಆ ಹುಡುಗನ ರಕ್ತದಲ್ಲಿ ಏನಿರಬಹುದು, ಇಬ್ಬರೂ ಸೇರಿದರೆ ಏನಾಗಬಹುದು ಎಂದು ಒಂದೊಂದಾಗಿ ಹೇಳಿದಳು. ಲಗ್ನ ಆಗುವುದೋ ಬಿಡುವುದೋ, ಯಾರನ್ನು ಆಗುವುದು, ಮಕ್ಕಳು ಬೇಕೋ ಬೇಡವೋ, ಅದನ್ನು ತಾನೇ ನೋಡಿಕೊಳ್ಳುತ್ತೇನೆ ಎಂದಳು. ದೊಡ್ಡವ್ವ ಗೋಡೆ ಕಡೆ ಮುಖ ತಿರುಗಿಸಿ ಕೂತಳು. ಒಪ್ಪಿದಳೋ ಇಲ್ಲವೋ ಗೊತ್ತಿಲ್ಲ, ನನಗೆ ಬೇಕಾಗಿಯೂ ಇಲ್ಲ.

ಹೊರಗೆ ಬಂದ ಮೇಲೆ ಹುಡುಗಿ ಕೇಳಿದಳು, “ಅವ್ವಗ ಇನ್ನೊಂದು ಕೂಸು ಬೇಕಾಗಿತ್ತೇನ್ರಿ ಅತ್ತಿ?”

“ಬೇಕಾಗಿತ್ತು” ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ವೈನಿ ಇದ್ದಿದ್ದರೆ ಈಗ ಮೂವತ್ತೊಂಬತ್ತು. ಈ ಮಾತನ್ನು ಮಗಳಿಗೆ ಅವಳೇ ಹೇಳಬೇಕಿತ್ತು... ನಾನಲ್ಲ.